ಹನ್ನೊಂದನೇ ತಟ್ಟೆ

"ನಿಲ್ಲಿ! ಕೈ ತೋರಿಸಿ."

ಬೆಳಗಿನ ಪಾಳಿಗೆ ಓಡೋಡಿ ಬಂದಿದ್ದ ಅವಳು ಗಕ್ಕನೆ ನಿಂತಳು. ನವಜಾತ ಶಿಶುಗಳ ಐಸಿಯು ಬಾಗಿಲಿಗೆ ಅಡ್ಡವಾಗಿ ಒಬ್ಬ ಗಂಡಸು ನಿಂತಿದ್ದ. ಬಿಳಿ ಕೋಟು, ಎರಡು ದಿನದಿಂದ ಕ್ಷೌರ ಕಾಣದ ಮುಖ, ಕೈಯಲ್ಲಿ ದುಂಡನೆಯ ಪುಟ್ಟ ಗಾಜಿನ ತಟ್ಟೆಗಳ ಅಟ್ಟಿ.

"ಯಾರ್ರೀ ನೀವು? ದಾರಿ ಬಿಡಿ."

"ಲ್ಯಾಬ್ ಡಾಕ್ಟರು. ಹೊಸದಾಗಿ ಬಂದಿದೀನಿ. ಎರಡೂ ಕೈಯ ಬೆರಳ ತುದಿ ಇದರ ಮೇಲೆ ಒತ್ತಿಬಿಡಿ, ಸಿಸ್ಟರ್. ಒಳಗೆ ಕೆಲಸ ಮಾಡೋ ಎಲ್ಲರದ್ದೂ ತಗೋತಿದೀನಿ. ಕೈಯಲ್ಲಿ ರೋಗಾಣು ಇದ್ರೆ ಇದರಲ್ಲಿ ಬೆಳೆಯುತ್ತೆ."

ಅವಳು ಅವನ ಮಾತು ಕೇಳುತ್ತಿರಲಿಲ್ಲ. ಅವನ ಭುಜದಾಚೆ, ಗಾಜಿನ ಒಳಗೆ, ಮಕ್ಕಳನ್ನು ಬೆಚ್ಚಗಿಡುವ ಮೂರನೇ ಪೆಟ್ಟಿಗೆ ಖಾಲಿಯಾಗಿತ್ತು! ನಿನ್ನೆ ಮನೆಗೆ ಹೊರಡುವಾಗ ಅದರಲ್ಲಿ ಒಂದು ಹೆಣ್ಣುಮಗು ಮುಷ್ಟಿ ಬಿಗಿದುಕೊಂಡು ಮಲಗಿತ್ತು.

"ಮೂರನೇ ಪೆಟ್ಟಿಗೆ ಮಗು...?"

ಅವನು ತಲೆ ತಗ್ಗಿಸಿದ. "ಬೆಳಿಗ್ಗೆ ಐದೂವರೆಗೆ."

ತಿಂಗಳೊಳಗೆ ಎರಡನೇ ಮಗು! ದುಃಖ ಬರಬೇಕಾದ ಜಾಗದಲ್ಲಿ ಅವಳಿಗೆ ಕೋಪ ಬಂತು. ಅವಳ ಸ್ವಭಾವವೇ ಅಂಥದ್ದು.

"ಅಂದ್ರೆ ನಮ್ಮ ಮೇಲೆ ಅನುಮಾನ! ಮಕ್ಕಳನ್ನ ನಾವೇ ಕೊಂದ್ವಿ ಅಂತ! ತಗೊಳ್ಳಿ!" ಎಂದು ಹತ್ತೂ ಬೆರಳನ್ನು ಒತ್ತಿದ ರಭಸಕ್ಕೆ ತಟ್ಟೆಯೊಳಗಿನ ಜೆಲ್ಲಿ ಬಿರುಕು ಬಿಟ್ಟಿತು.

ಅವನು ಸಿಟ್ಟಾಗಲಿಲ್ಲ. ಸುಮ್ಮನೆ ಇನ್ನೊಂದು ತಟ್ಟೆ ಮುಂದೆ ಹಿಡಿದ. "ಇದು ಒಡೀತು. ಇನ್ನೊಂದ್ಸಲ, ಮೆತ್ತಗೆ."

ಅದರ ಮೇಲೆ ಹನ್ನೊಂದು ಎಂದು ಬರೆದಿತ್ತು.

ನಿಜಕ್ಕೂ ಅವಳಿಗೆ ಆಗಿದ್ದು ಅವಮಾನ. ಏಕೆಂದರೆ ಆ ಆಸ್ಪತ್ರೆಯಲ್ಲಿ ಅವಳಿಗೆ ಇದ್ದ ಹೆಸರೇ 'ಕೈತೊಳಿ ಅಕ್ಕ'! ಹತ್ತು ವರ್ಷದಿಂದ ಆ ಐಸಿಯುನಲ್ಲಿ ಯಾರು ಕಾಲಿಟ್ಟರೂ ಮೊದಲು ಕೇಳುವ ಮಾತು ಅವಳದ್ದೇ: "ಕೈ ತೊಳೆದ್ರಾ?" ಉಂಗುರ ಬಿಚ್ಚದೆ ಒಳಗೆ ಬಂದ ದೊಡ್ಡ ಡಾಕ್ಟರಮ್ಮನನ್ನೇ ಒಮ್ಮೆ ಬಾಗಿಲಿನಿಂದ ವಾಪಸ್ ಕಳಿಸಿದವಳು ಅವಳು. ಒಂದೂವರೆ ಕೇಜಿಯೂ ಇಲ್ಲದ ಕಂದಮ್ಮಗಳು, ಕಣ್ಣಿಗೆ ಕಾಣದ ಒಂದು ಹುಳ ಸಾಕು ಅವುಗಳ ಉಸಿರು ನಿಲ್ಲಿಸಲು ಎಂದು ಹೊಸ ನರ್ಸುಗಳಿಗೆಲ್ಲ ಪಾಠ ಹೇಳಿದವಳು. ಅವಳ ಕೈಯನ್ನೇ ಪರೀಕ್ಷೆ ಮಾಡುವುದೆಂದರೆ!

ಎರಡು ದಿನದ ನಂತರ ಅವನೇ ಬಂದು ಹೇಳಿದ. "ನಿಮ್ಮ ತಟ್ಟೆ ಖಾಲಿ. ಏನೂ ಬೆಳೆದಿಲ್ಲ."

"ಬೆಳೆಯೋದಿಲ್ಲ ಅಂತ ನನಗೆ ಗೊತ್ತಿತ್ತು," ಎಂದಳು ಅವಳು, ತಿರುಗಿಯೂ ನೋಡದೆ.

ಆದರೆ ಆ ಪೀಡೆ ಎಲ್ಲಿತ್ತು? ಹೆಸರೇನೋ ಗೊತ್ತಿತ್ತು, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಸತ್ತ ಎರಡೂ ಮಕ್ಕಳ ರಕ್ತದಲ್ಲಿ ಒಂದೇ ಜಾತಿ ಸಿಕ್ಕಿತ್ತು, ಮಾಮೂಲಿ ಔಷಧಿ ಯಾವುದಕ್ಕೂ ಬಗ್ಗದಂಥದ್ದು. ಅಂದರೆ ಅದು ಐಸಿಯು ಒಳಗೇ ಎಲ್ಲೋ ಮನೆ ಮಾಡಿಕೊಂಡು ಕೂತಿದೆ! ಅವನು ನಲ್ಲಿ ಕೆರೆದ, ಉಸಿರಾಟದ ಯಂತ್ರದ ಕೊಳವೆ ಒರೆಸಿದ, ಹಾಲಿನ ಫ್ರಿಜ್ಜು, ತೂಕದ ಯಂತ್ರ, ಕೊನೆಗೆ ನರ್ಸುಗಳ ಪೆನ್ನನ್ನೂ ಬಿಡಲಿಲ್ಲ. ಎಲ್ಲವೂ ತಟ್ಟೆಗೆ! ಮೂರೇ ದಿನದಲ್ಲಿ ಅವನಿಗೂ ಒಂದು ಹೆಸರು ಬಿತ್ತು. ತಟ್ಟೆ ಡಾಕ್ಟ್ರು!

ಹೆಸರಿಟ್ಟಿದ್ದು ಗುಬ್ಬಿ. ಅಲ್ಲಿದ್ದ ನರ್ಸುಗಳಲ್ಲೆಲ್ಲ ಚಿಕ್ಕವಳು, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು. ತಪಾಸಣೆಗೆ ಅವನು ಬರುತ್ತಾನೆಂದರೆ ಸಾಕು, ಸಿಂಕಿನ ಸುತ್ತ ಇದ್ದ ಸ್ವಂತದ ಸಾಮಾನನ್ನೆಲ್ಲ ಬಾಚಣಿಗೆಯಿಂದ ಕೈಗೆ ಹಚ್ಚುವ ಕ್ರೀಮಿನ ಬಾಟಲಿಯವರೆಗೆ ಬಾಚಿ ಕಪಾಟಿಗೆ ತುಂಬಿ, ಜಾಗವನ್ನು ಲಕಲಕ ಮಾಡಿಬಿಡುತ್ತಿದ್ದಳು. ಅವನು ಹೋದ ಮೇಲೆ ಎಲ್ಲ ಮತ್ತೆ ಹೊರಗೆ!

ದಿನಾ ಮಧ್ಯಾಹ್ನ ಪಾಳಿ ಮುಗಿದ ಮೇಲೆ ಅವನು ಕೈತೊಳಿ ಅಕ್ಕನನ್ನು ಲ್ಯಾಬಿನ ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದ. ಮೊದಮೊದಲು ಅವಳು ತನ್ನ ಟೀಗೆ ಉತ್ತರಿಸುವಂತೆ ಲೋಟ ನೋಡಿಕೊಂಡೇ ಮಾತಾಡುತ್ತಿದ್ದಳು. ಆಮೇಲಾಮೇಲೆ...

"ಮಗೂಗೆ ಹಾಲು ಕೊಡೋ ಮೊದಲು ಏನ್ಮಾಡ್ತೀರಿ?"

"ಕೈ ತೊಳೀತೀನಿ."

"ಕೊಟ್ಟ ಮೇಲೆ?"

"ಕೈ ತೊಳೀತೀನಿ."

"ಮಧ್ಯದಲ್ಲಿ?"

"ನಿಮ್ಮಂಥೋರು ಬಂದು ಪ್ರಶ್ನೆ ಕೇಳಿದ್ರೆ, ನಿಮ್ಮ ಕೈ ತೊಳೆಸ್ತೀನಿ."

ಅವನು ನಕ್ಕುಬಿಟ್ಟ. ನಗುವಾಗ ಅವನ ಮುಖ ಬೇರೆ ಯಾರದ್ದೋ ಎನ್ನುವಂತೆ ಚಿಕ್ಕದಾಯಿತು. ಅವಳಿಗೂ ನಗು ಬಂತು. ಎಷ್ಟು ವಾರದ ಮೇಲೆ!

ಇನ್ನೊಂದು ದಿನ ಅವನು ಹೇಳಿದ, "ನಾನು ಮಕ್ಕಳನ್ನ ನೋಡೋದೇ ಇಲ್ಲ ರೀ. ನನಗೆ ಬರೋದು ಸೀಸೆಯಲ್ಲಿ ಅರ್ಧ ಚಮಚ ರಕ್ತ. ಅದರಲ್ಲಿ ಏನಾದ್ರೂ ಬೆಳೆದ್ರೆ ಒಂದು ಹಾಳೆ ಮೇಲೆ ಬರೆದು ಕಳಿಸ್ತೀನಿ. ಆ ಹಾಳೆ ಹೋದ ಮೇಲೆ ಏನಾಯ್ತು ಅಂತ ಕೇಳೋಕೆ ಧೈರ್ಯ ಇಲ್ಲ."

ಮರುದಿನ ಅವಳೇ ಅವನನ್ನು ಒಳಗೆ ಕರೆದೊಯ್ದಳು. ಕೈ ತೊಳೆಸಿ, ಗೌನು ತೊಡಿಸಿ, ನಾಲ್ಕನೇ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ ಹಿಡಿಯಷ್ಟಿದ್ದ ಗಂಡುಮಗು. ಅವಳೇ ಇಟ್ಟ ಹೆಸರು, ಹಿಡಿಮಗ. ಅವನ ತಾಯಿ ಆಪರೇಷನ್ನಿನಿಂದ ಇನ್ನೂ ಚೇತರಿಸಿಕೊಳ್ಳದೆ ಕೆಳಗಿನ ವಾರ್ಡಿನಲ್ಲಿದ್ದಳು. ಕೊಳವೆ ಬದಲಿಸುವಾಗ ಅಕ್ಕ ಮೆಲ್ಲಗೆ ಏನೋ ಗುನುಗಿದಳು. ಹಿಡಿಮಗ ಅವಳ ಕಿರುಬೆರಳು ಹಿಡಿದುಕೊಂಡ.

ತಟ್ಟೆ ಡಾಕ್ಟರ ಕಣ್ಣು ತುಂಬಿದ್ದನ್ನು ಗುಬ್ಬಿ ನೋಡಿದಳು. ನೋಡಿದ ಮೇಲೆ ಸುಮ್ಮನಿರುವ ಜಾತಿಯಲ್ಲ ಅವಳು.

"ಅಕ್ಕಾ, ಗಮನಿಸಿದ್ರಾ? ನಮ್ಮನ್ನೆಲ್ಲಾ ಸಿಸ್ಟರ್, ಸಿಸ್ಟರ್ ಅಂತಾರೆ. ನಿಮ್ಮನ್ನ ಮಾತ್ರ ರೀ ಅಂತಾರೆ!"

"ಬಾಯಿ ಮುಚ್ಕೊಂಡು ಕೈ ತೊಳೆ ಹೋಗು."

ಅಂದಳೇನೋ ನಿಜ. ಆದರೆ ಅಂದು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ತನ್ನ ನಿಲ್ದಾಣ ಹಿಂದಕ್ಕೆ ಹೋದದ್ದೇ ತಿಳಿಯಲಿಲ್ಲ. ಮೂವತ್ತೆರಡು ವರ್ಷದವಳು, ಹುಡುಗಿಯ ಹಾಗೆ! ಎಂದು ತನ್ನನ್ನೇ ಬೈದುಕೊಂಡು ಎರಡು ನಿಲ್ದಾಣ ನಡೆದು ಮನೆಗೆ ಬಂದಳು.

ಆ ಸಂತೋಷಕ್ಕೆ ಆಯುಷ್ಯ ನಾಲ್ಕೇ ದಿನ.

ಐದನೇ ದಿನ ಹಿಡಿಮಗನ ಮೈ ತಣ್ಣಗಾಗತೊಡಗಿತು. ಹಾಲು ಜೀರ್ಣವಾಗಲಿಲ್ಲ. ಚರ್ಮ ಬೂದಿ ಬಣ್ಣಕ್ಕೆ ತಿರುಗಿತು. ಉಳಿದಿದ್ದ ಕೊನೆಯ ಔಷಧಿಯನ್ನೂ ಕೊಟ್ಟರು. ಅವಳು ಪಾಳಿ ಮುಗಿದರೂ ಕದಲಲಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಹದಿನಾಲ್ಕು ದಿನದ ಆ ಜೀವ ಮರುದಿನ ಮಧ್ಯಾಹ್ನ, ಅವಳು ನೋಡುತ್ತಿದ್ದಂತೆಯೇ, ಹೋಗಿಬಿಟ್ಟಿತು.

ಸತ್ತವರಲ್ಲಿ ಮೂರನೇ ಮಗು!

ಅವನ ಪುಟ್ಟ ದೇಹಕ್ಕೆ ಬಟ್ಟೆ ಸುತ್ತಿ ಹೊರಗೆ ಬಂದವಳಿಗೆ ಮೂಲೆಯಲ್ಲಿ ನೆಲ ಒರೆಸುವ ಬಕೆಟ್ ಕಂಡಿತು. ಕೊಳಕು ನೀರು, ಹಾಗೇ ಬಿಟ್ಟದ್ದು. ಅವಳ ಪಿತ್ತ ನೆತ್ತಿಗೇರಿತು. ಆಯಮ್ಮನನ್ನು ಎಲ್ಲರೆದುರು ಹಿಗ್ಗಾಮುಗ್ಗಾ ಬೈದಳು. ಇಪ್ಪತ್ತು ವರ್ಷ ಅಲ್ಲೇ ನೆಲ ಒರೆಸಿದ್ದ ಆ ಮುದುಕಿ, "ಐದು ನಿಮಿಷ ತಾಯಿ, ಈಗ ತಾನೇ ಇಟ್ಟೆ..." ಎನ್ನುತ್ತಲೇ ಇದ್ದಳು. ಅವಳು ಕೇಳಲಿಲ್ಲ. ದೊಡ್ಡ ಡಾಕ್ಟರಮ್ಮನಿಗೆ ದೂರು ಬರೆದುಕೊಟ್ಟಳು. ತಪ್ಪು ಹೊರಿಸಲು ಅವರಿಗೂ ಒಂದು ಹೆಸರು ಬೇಕಾಗಿತ್ತು. ಸಂಜೆಗೆಲ್ಲ ಆಯಮ್ಮನನ್ನು ಕೆಲಸದಿಂದ ತೆಗೆದರು.

"ಬಕೆಟ್ಟಿನಲ್ಲಿ ಆ ಹುಳ ಇಲ್ಲ ರೀ, ನಾನು ನೋಡಿದೀನಿ," ಎಂದು ತಟ್ಟೆ ಡಾಕ್ಟ್ರು ಹೇಳಿದಾಗ ಅವಳು ಮುಖ ತಿರುಗಿಸಿಕೊಂಡಳು.

ಅವನು ಮತ್ತೆ ಎಲ್ಲರ ಬೆರಳ ಗುರುತು ತೆಗೆದುಕೊಂಡ. ಈ ಸಲ ಬಾಗಿಲಲ್ಲಿ ಅಲ್ಲ. ಕೆಲಸದ ಮಧ್ಯೆ, ಕೈ ತೊಳೆದು ಮಗುವನ್ನು ಮುಟ್ಟಲು ಹೊರಟ ಗಳಿಗೆಯಲ್ಲಿ.

ಮೂರನೇ ದಿನ ದೊಡ್ಡ ಡಾಕ್ಟರಮ್ಮ ಅವಳನ್ನು ಕೋಣೆಗೆ ಕರೆದರು.

"ಇವತ್ತಿಂದ ನೀವು ಮಕ್ಕಳನ್ನ ಮುಟ್ಟಬಾರದು. ಮನೆಗೆ ಹೋಗಿ. ಲ್ಯಾಬಿಂದ ಬೆಳಿಗ್ಗೆ ವರದಿ ಬಂದಿದೆ. ನಿಮ್ಮ ಕೈಯಲ್ಲಿ ಅದು ಸಿಕ್ಕಿದೆ."

ಅವಳು ತನ್ನ ಕೈ ನೋಡಿಕೊಂಡಳು. ನನ್ನ ಕೈಯಲ್ಲಾ? ನನ್ನ... ಕೈಯಲ್ಲಾ?

ನೇರ ಲ್ಯಾಬಿಗೆ ಓಡಿದಳು. ಅವನಿರಲಿಲ್ಲ. ಬೆಂಚಿನ ಮೇಲೆ ಅವನ ನೋಟ್‌ಬುಕ್ ಇತ್ತು, ತೆರೆದೇ ಇತ್ತು.

'ಅಕ್ಕ. 8:10 ಕೈ ತೊಳೆದರು. 8:12 ನಾಲ್ಕನೇ ಪೆಟ್ಟಿಗೆ. 8:20 ಮತ್ತೆ ತೊಳೆದರು. 8:31 ಎಡಗೈಯಿಂದ ಮುಖಗವಸು ಸರಿಮಾಡಿಕೊಂಡರು...'

ಪುಟ ತಿರುವಿದಳು. ಮತ್ತೆ ಅವಳೇ. ಬೆಂಚಿನ ಮೇಲೆ ಕೂತು ಆಡಿದ ಮಾತೆಲ್ಲ, ಗಂಟೆ ನಿಮಿಷದ ಸಮೇತ! ಕೊನೆಯ ಪುಟದಲ್ಲಿ ಹನ್ನೊಂದು ಎಂಬ ಅಂಕಿ, ಅದರ ಸುತ್ತ ಕೆಂಪು ಗೆರೆ.

ಎರಡು ಲೋಟ ಟೀ ಹಿಡಿದುಕೊಂಡು ಅವನು ಬಂದ. ಅವಳ ಮುಖ ನೋಡಿ ಅಲ್ಲೇ ನಿಂತ.

"ನಿಮಗೆ ನಾನೇ ಹೇಳೋಣ ಅಂತ..."

"ಟೀ ಕುಡಿಸ್ತಾ ಹೇಳೋಣ ಅಂತಾನಾ?" ಅವಳು ನೋಟ್‌ಬುಕ್ ಎತ್ತಿಕೊಂಡಳು. "ನಾನೆಂಥ ಹುಚ್ಚಿ! ಇಷ್ಟು ದಿನ ನೀವು ನನ್ನ ನೋಡ್ತಿದೀರಿ ಅಂದ್ಕೊಂಡಿದ್ದೆ. ನೀವು ನೋಡ್ತಿದ್ದದ್ದು ನನ್ನ ಕೈನ!"

"ರೀ, ಒಂದು ನಿಮಿಷ ಕೇಳಿ. ನೀವು ಒಳಗೆ ಬರುವಾಗ ಕೈ ಸ್ವಚ್ಛ ಇತ್ತು. ಕೆಲಸದ ಮಧ್ಯೆ ಕೊಳೆ ಆಗಿದೆ. ಅಂದ್ರೆ ಒಳಗೇ ಏನೋ..."

"ರೀ ಅನ್ಬೇಡಿ ನನ್ನ! ಸಿಸ್ಟರ್ ಅನ್ನಿ."

ಅವಳು ನೋಟ್‌ಬುಕ್ಕನ್ನು ಅವನ ಎದೆಗೆ ಎಸೆದು ನಡೆದುಬಿಟ್ಟಳು. ಎರಡೂ ಲೋಟದ ಟೀ ಅವನ ಕೋಟಿನ ಮೇಲೆ ಚೆಲ್ಲಿತು.

ಮನೆಯಲ್ಲಿ ಎರಡು ದಿನ ಅವಳು ಗೋಡೆ ನೋಡುತ್ತ ಮಲಗಿದಳು. ಅಮ್ಮನಿಗೆ ರಜೆ ಎಂದಷ್ಟೇ ಹೇಳಿದ್ದಳು. ಕಣ್ಣು ಮುಚ್ಚಿದರೆ ಹಿಡಿಮಗ ಬೆರಳು ಹಿಡಿಯುತ್ತಿದ್ದ. ಈ ಬೆರಳಾ? ಇದೇ ಬೆರಳಾ?

ಗುಬ್ಬಿ ಫೋನ್ ಮಾಡಿ, ಐದನೇ ಪೆಟ್ಟಿಗೆಯ ಮಗುವಿಗೂ ಜ್ವರ ಎಂದಳು. ನಾನಿಲ್ಲದಿದ್ದರೂ ಬಂತು! ಅವಳಿಗೆ ಸಮಾಧಾನವಾಗಲಿಲ್ಲ, ಭಯವಾಯಿತು. ಪೀಡೆ ಇನ್ನೂ ಅಲ್ಲೇ ಇದೆ.

ಮೂರನೇ ದಿನ ಬೆಳಿಗ್ಗೆ ಅಮ್ಮ ಅವಳ ಪಕ್ಕ ಬಂದು ಕೂತು, ಬಿರುಕು ಬಿಟ್ಟ ಅವಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ನೋಡು, ಹೇಗಾಗಿದೆ! ದಿನಕ್ಕೆ ನೂರು ಸಲ ತೊಳೆದ್ರೆ ಇನ್ನೇನಾಗುತ್ತೆ? ಕ್ರೀಮು ಹೊಸದಾಗಿ ಮಾಡಿದೀನಿ, ತಡಿ."

ಲೋಳೆಸರ ಅರೆದು, ಗ್ಲಿಸರಿನ್ ಬೆರೆಸಿ, ಅಡುಗೆಮನೆಯಲ್ಲಿ ಅಮ್ಮನೇ ಮಾಡುತ್ತಿದ್ದ ತಣ್ಣನೆಯ ಕ್ರೀಮು. ಎರಡು ತಿಂಗಳ ಹಿಂದೆ ಮಗಳ ಕೈಯಿಂದ ರಕ್ತ ಬಂದದ್ದು ನೋಡಿ ಶುರು ಮಾಡಿದ್ದು. ಅವಳು ಅದನ್ನು ಐಸಿಯು ಸಿಂಕಿನ ಪಕ್ಕದ ಬಾಟಲಿಗೆ ಹಾಕಿಟ್ಟಿದ್ದಳು. ಉಳಿದ ನರ್ಸುಗಳ ಕೈಯೂ ಉರಿಯುತ್ತಿತ್ತಲ್ಲ! ಪಾಪ, ಹಚ್ಚಿಕೊಳ್ಳಲಿ ಎಂದು.

ಅಮ್ಮ ಹಚ್ಚುತ್ತ ಕೇಳಿದಳು. "ಹಳೇದನ್ನ ಪೂರ್ತಿ ಚೆಲ್ಲಿ, ಬಾಟ್ಲಿ ಬಿಸಿನೀರಲ್ಲಿ ತೊಳೆದು ತಾನೇ ಹೊಸದು ತುಂಬಿಸ್ತೀಯಾ? ನಾಲ್ಕು ದಿನದ ಮೇಲೆ ಇಟ್ರೆ ಕೆಡುತ್ತೆ ಅಂತ ಮೊದಲೇ ಹೇಳಿದ್ದೆ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

ಪ್ರತಿ ಸೋಮವಾರ ಅವಳು ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಿದ್ದಳು. ಅಮ್ಮ ಮಾಡಿದ್ದು, ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಆ ಬಾಟಲಿ ಎರಡು ತಿಂಗಳಲ್ಲಿ ಒಂದು ಸಲವೂ ಖಾಲಿಯಾಗಿರಲಿಲ್ಲ. ಊರಿಗೆಲ್ಲ ಕೈ ತೊಳೆಸಿದವಳು ಆ ಬಾಟಲಿ ತೊಳೆದಿರಲಿಲ್ಲ! ಮತ್ತು ಕೈ ತೊಳೆದು, ಒರೆಸಿ, ಉರಿ ತಾಳದೆ ಒಂದು ಹನಿ ಹಚ್ಚಿ, ಅದೇ ಕೈಯಲ್ಲಿ ಮಗುವನ್ನು...

ಎದ್ದು ಫೋನ್ ಹಿಡಿದಳು.

"ಗುಬ್ಬಿ, ಕ್ರೀಮಿನ ಬಾಟ್ಲಿ ಯಾರೂ ಮುಟ್ಬೇಡಿ!"

"ಯಾಕಕ್ಕಾ? ಕಪಾಟಲ್ಲಿದೆ, ಈಗ ತಾನೇ ನಾನು..."

"ಮುಟ್ಬೇಡ ಅಂದೆ! ಕೈ ತೊಳೆ. ನಾನು ಬರ್ತಿದೀನಿ."

ಅರ್ಧ ಗಂಟೆಯಲ್ಲಿ ಅವಳು ನರ್ಸುಗಳ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಟಲಿ ಹಿಡಿದು ನಿಂತಿದ್ದಳು. ಯಾರೂ ಇರಲಿಲ್ಲ. ಎದುರಿಗೆ ಸಿಂಕು. ನಲ್ಲಿ ತಿರುಗಿಸಿ ಚೆಲ್ಲಿದರೆ ಒಂದು ನಿಮಿಷದ ಕೆಲಸ. ಮುಂದೆ ಯಾವ ಮಗುವೂ ಸಾಯುವುದಿಲ್ಲ. ಬಕೆಟ್ಟಿನ ಮೇಲೆ ಬಿದ್ದ ಆರೋಪ ಬಕೆಟ್ಟಿನ ಮೇಲೇ ಇರುತ್ತದೆ. ಕೈತೊಳಿ ಅಕ್ಕ ಕೈತೊಳಿ ಅಕ್ಕನಾಗಿಯೇ ಇರುತ್ತಾಳೆ.

ನೋಡಿ, ಅವಳು ದೇವತೆಯಲ್ಲ. ಬಾಟಲಿಯ ಮುಚ್ಚಳ ತಿರುಗಿಸಿಯೇಬಿಟ್ಟಿದ್ದಳು.

'ಆದರೆ ಪೀಡೆ ಇದರಲ್ಲಿ ಇಲ್ಲದಿದ್ದರೆ? ಚೆಲ್ಲಿಬಿಟ್ಟರೆ ಇತ್ತೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ಐದನೇ ಪೆಟ್ಟಿಗೆ... ಆಮೇಲೆ ಆರನೇದು...'

ಮುಚ್ಚಳ ಬಿಗಿದಳು. ಮೂರು ಮಹಡಿ ಇಳಿದು ಹೋಗಿ, ಅವನ ಮೇಜಿನ ಮೇಲೆ ಬಾಟಲಿ ಇಟ್ಟಳು.

"ಇದನ್ನ ಬೆಳೆಸಿ."

ಅವನು ತಲೆಯೆತ್ತಿದ. ಕಣ್ಣು ಕೆಂಪಗಿತ್ತು, ಅವನೂ ಈ ಎರಡು ದಿನ ನಿದ್ದೆ ಮಾಡಿದಂತಿರಲಿಲ್ಲ.

"ಏನಿದು?"

"ಕೈಗೆ ಹಚ್ಚೋ ಕ್ರೀಮು. ಅಮ್ಮ ಮಾಡಿದ್ದು. ಬಾಟ್ಲಿ ತೊಳೀದೆ ಎರಡು ತಿಂಗಳು ತುಂಬಿಸಿದ್ದು ನಾನು. ಸಿಂಕಿನ ಪಕ್ಕ ಏನೇನಿರುತ್ತೆ ಅಂತ ನೀವು ಕೇಳಿದಾಗ ಸೋಪು, ಪೇಪರು ಅಂದಿದ್ದೆ. ಇದು ನೆನಪಿಗೇ ಬರ್ಲಿಲ್ಲ. ಸುಳ್ಳು ಹೇಳಿದ್ದಲ್ಲ. ಇದನ್ನ ಒಂದು ಸಾಮಾನು ಅಂತಾನೇ ಅಂದ್ಕೊಂಡಿರ್ಲಿಲ್ಲ."

ಅವನು ಬಾಟಲಿಯನ್ನು ನೋಡಲಿಲ್ಲ. ಅವಳ ಕೈ ನೋಡಿದ. ಗೆಣ್ಣಿನ ಮೇಲೆ ಸೀಳಿದ ಚರ್ಮ, ಒಣಗಿದ ರಕ್ತದ ಗೆರೆ.

"ಆರು ವಾರ ಈ ಕೈ ನೋಡಿದೀನಿ," ಎಂದ ಮೆಲ್ಲಗೆ. "ನೂರು ಪ್ರಶ್ನೆ ಕೇಳಿದೀನಿ. ಉರಿಯುತ್ತಾ ಅಂತ ಒಂದು ಸಲ ಕೇಳಿದ್ರೆ ಸಾಕಾಗಿತ್ತು. ಕೇಳಲೇ ಇಲ್ಲ. ಅದನ್ನ ಕೇಳಿದ್ರೆ ಹಿಡಿಮಗ ಉಳೀತಿದ್ದ."

ಅವಳಿಗೆ ಅಳು ಒತ್ತರಿಸಿ ಬಂತು. ಅವನು ಸಮಾಧಾನ ಮಾಡಲಿಲ್ಲ. ಸುಳ್ಳು ಸಮಾಧಾನ ಅವನಿಗೆ ಬರುತ್ತಿರಲಿಲ್ಲ. ಕುರ್ಚಿ ಎಳೆದು ಕೂರಿಸಿ, ಅವಳ ಮುಂದೆಯೇ ತಟ್ಟೆ ತೆಗೆದು ಕ್ರೀಮು ಸವರಿದ.

"ನಾಳೆ ಗೊತ್ತಾಗುತ್ತೆ," ಎಂದ.

ಮಾರನೆಯ ದಿನ ತಟ್ಟೆಯ ತುಂಬ ಗುಲಾಬಿ ಬಣ್ಣದ ಲೋಳೆ ಚುಕ್ಕೆಗಳು. ಮತ್ತೂ ಒಂದು ದಿನದ ಪರೀಕ್ಷೆಯಲ್ಲಿ ಖಚಿತವಾಯಿತು. ಮಕ್ಕಳ ರಕ್ತದಲ್ಲಿದ್ದ ಅದೇ ಪೀಡೆ!

"ವರದಿಯಲ್ಲಿ ನನ್ನ ಹೆಸರು ಬರೀರಿ," ಎಂದಳು ಅವಳು. "ಅವತ್ತು ಏನೇನೋ ಅಂದೆ. ನಿಮ್ಮ ಪುಸ್ತಕ ಓದಿ ನೀವು ನನ್ನ ಬೇಟೆ ಆಡ್ತಿದೀರಿ ಅಂದ್ಕೊಂಡೆ."

"ಕೈ ನೋಡೋಕೆ ಅಂತಾನೇ ಶುರು ಮಾಡಿದ್ದು. ಸುಳ್ಳು ಹೇಳಲ್ಲ," ಎಂದ ಅವನು. "ಆದ್ರೆ ಗುಬ್ಬಿಯ ಕೈಗೆ ಒಂದೇ ಪುಟ. ಉಳಿದೋರಿಗೆ ಅರ್ಧರ್ಧ ಪುಟ. ನಿಮಗೆ ನಲವತ್ತೆರಡು. ಅಷ್ಟು ಬರೀಬೇಕಾಗಿರಲಿಲ್ಲ ಅಂತ ನನಗೂ ಗೊತ್ತಿತ್ತು."

ಅವಳು ವರದಿಯ ಹಾಳೆಯನ್ನು ಅವನ ಕಡೆಗೆ ಸರಿಸಿದಳು. ಬೇರೆ ಮಾತಿನ ಕಾಲ ಅದಾಗಿರಲಿಲ್ಲ.

ವಿಚಾರಣೆಗೆ ಐವರು ಕೂತಿದ್ದರು, ನಡುವೆ ದೊಡ್ಡ ಡಾಕ್ಟರಮ್ಮ. ವರದಿ ಓದಿದವನು ಅವನೇ. ಒಂದೊಂದು ತಾರೀಕೂ, ಒಂದೊಂದು ಗಂಟೆಯೂ. ಯಾರೋ 'ಎಂಟು ಗಂಟೆಗೆ' ಎಂದರೆ 'ಎಂಟು ಹತ್ತಕ್ಕೆ' ಎಂದು ತಿದ್ದುತ್ತಿದ್ದ. ತಪ್ಪು ಮಾತು ಅವನ ಮುಂದೆ ಹಾದುಹೋಗುವಂತೆಯೇ ಇರಲಿಲ್ಲ.

ಅವಳು ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಆಯಮ್ಮನದು ಏನೂ ತಪ್ಪಿಲ್ಲ, ದೂರು ತನ್ನದೇ ಸಿಟ್ಟಿನಿಂದ ಎಂದಳು.

"ಈ ಕ್ರೀಮು ಮಾಡಿದ್ದು ಯಾರು?" ದೊಡ್ಡ ಡಾಕ್ಟರಮ್ಮ ಕೇಳಿದರು.

ಅವಳ ಕಣ್ಣ ಮುಂದೆ ಲೋಳೆಸರ ಅರೆಯುವ ಎರಡು ಮುದಿ ಕೈಗಳು ಬಂದವು. ಅಮ್ಮನಿಗೆ ಇದು ಗೊತ್ತಾದರೆ... ಅಮ್ಮ ಉಳಿಯುವುದಿಲ್ಲ.

"ನಾನೇ," ಎಂದಳು.

ಅವನ ಪೆನ್ನು ನಿಂತಿತು. ತಲೆಯೆತ್ತಿ ಅವಳನ್ನು ನೋಡಿದ. ಈಗ ತಿದ್ದುತ್ತಾನೆ... ಈಗ...

ಅವನು ತಲೆ ತಗ್ಗಿಸಿ, 'ಅವರೇ' ಎಂದು ಬರೆದುಕೊಂಡ.

ಇಡೀ ವಿಚಾರಣೆಯಲ್ಲಿ ಅವನು ತಿದ್ದದೆ ಬಿಟ್ಟದ್ದು ಆ ಒಂದೇ ಮಾತು. ಆ ಗಳಿಗೆಯಲ್ಲಿ, ಮೂರು ಸಾವಿನ ಲೆಕ್ಕ ಒಪ್ಪಿಸುತ್ತ ನಿಂತಿದ್ದ ಆ ಕೋಣೆಯಲ್ಲಿ, ಅವನು ತನ್ನನ್ನು ಎಷ್ಟು ಪ್ರೀತಿಸುತ್ತಾನೆಂದು ಅವಳಿಗೆ ಗೊತ್ತಾಯಿತು. ಇಂಥ ಜಾಗದಲ್ಲಿ ಗೊತ್ತಾಗಬೇಕೇ! ಸಂತೋಷಪಡಲೂ ನಾಚಿಕೆಯಾಯಿತು.

ಅವಳನ್ನು ಆರು ತಿಂಗಳು ಕೆಲಸದಿಂದ ದೂರವಿಟ್ಟರು. ಆಯಮ್ಮನನ್ನು ವಾಪಸ್ ಕರೆಸಿದರು. ಅವಳು ಆ ಮುದುಕಿಯ ಕಾಲು ಹಿಡಿಯಲು ಬಗ್ಗಿದರೆ ಆಯಮ್ಮ ಹಿಂದೆ ಸರಿದು, "ಬೇಡ ಬಿಡು, ನಂಗೆ ಸಿಟ್ಟಿದೆ. ಹೋಗೋಕೆ ಸ್ವಲ್ಪ ದಿನ ಬೇಕು," ಎಂದು ಬಕೆಟ್ ಎತ್ತಿಕೊಂಡು ಹೋದಳು. ಐದನೇ ಪೆಟ್ಟಿಗೆಯ ಮಗು ಬದುಕಿತು. ಆಮೇಲೆ ಐಸಿಯುನಲ್ಲಿ ಆ ಪೀಡೆ ಮತ್ತೆ ಕಾಣಲಿಲ್ಲ.

ಸತ್ತ ಮಕ್ಕಳ ಮನೆಯವರನ್ನು ಆಸ್ಪತ್ರೆಗೆ ಕರೆಸಿ ನಿಜ ಹೇಳಿದರು. ಅಲ್ಲೇ ಹಿಡಿಮಗನ ತಾಯಿ ಅಂದಳಂತೆ, "ಆ ನರ್ಸ್ ನನ್ನ ಮನೆಗೆ ಬರ್ಲಿ. ಒಬ್ಬಳೇ ಒಳಗೆ ಬರ್ಲಿ."

ಉಳಿದಿಬ್ಬರು ತಾಯಂದಿರು ಏನೂ ಕೇಳಲಿಲ್ಲ. ಅವರ ಮನೆಗೂ ತಾನೇ ಹೋಗುತ್ತೇನೆಂದು ಅವಳು ಹೇಳಿಕಳಿಸಿದಳು. ಬರಲಿ ಎಂದರು.

ಹಿಡಿಮಗನ ಮನೆ ಕಿರಿದಾದ ಬೀದಿಯ ಕೊನೆಗಿತ್ತು. ಜೊತೆಗೆ ಬಂದಿದ್ದ ತಟ್ಟೆ ಡಾಕ್ಟ್ರು ಬೀದಿಯಾಚೆ ಮುಚ್ಚಿದ ಅಂಗಡಿಯ ನೆರಳಲ್ಲಿ ನಿಂತ. ಅವಳು ಬಾಗಿಲು ತಟ್ಟಿದಳು.

ತಾಯಿ ಕೂರಲು ಹೇಳಲಿಲ್ಲ.

"ನಿನ್ನ ಕ್ಷಮಿಸೋಕೆ ಕರೆದಿಲ್ಲ."

"ಕ್ಷಮೆ ಕೇಳೋ ಯೋಗ್ಯತೆ ನನಗಿಲ್ಲ."

"ಹದಿನಾಲ್ಕು ದಿನ ಇದ್ದ ನನ್ನ ಮಗ. ಗಾಜಿನ ಈಚೆ ನಿಂತು ಮೂರು ಸಲ ನೋಡಿದೆ. ಎತ್ಕೊಳ್ಳೋಕೆ ಬಿಡ್ಲಿಲ್ಲ. ನೀನು ದಿನಾ ಮುಟ್ಟಿದೀಯ." ತಾಯಿ ಅವಳ ಕೈಯನ್ನೇ ನೋಡಿದಳು. "ಹೇಳು. ಹೇಗಿದ್ದ ಅವನು?"

ಬೈಗುಳಕ್ಕೆ, ಹೊಡೆತಕ್ಕೆ, ಹಿಡಿಶಾಪಕ್ಕೆ ತಯಾರಾಗಿ ಬಂದಿದ್ದಳು ಅವಳು. ಇದಕ್ಕಲ್ಲ!

"ಬೆನ್ನ ತುಂಬ ಮೆತ್ತನೆ ಕೂದಲಿತ್ತು... ಬಟ್ಟೆ ಬದಲಿಸಿದ್ರೆ ಹುಬ್ಬು ಗಂಟು ಹಾಕ್ತಿದ್ದ, ದೊಡ್ಡವರ ಥರ. ಒಂದ್ಸಲ ಸೀನಿದ. ತಾನೇ ಸೀನಿ ತಾನೇ ಬೆಚ್ಚಿಬಿದ್ದ..."

ತಾಯಿಗೆ ನಗು ಬಂತು. ನಗುತ್ತಲೇ ಗೋಡೆಗೆ ಒರಗಿ ಕುಸಿದು ಕೂತಳು.

"ಕಣ್ಣು ಬಿಟ್ಟಿದ್ನಾ?"

"ಒಂಬತ್ತನೇ ದಿನ ಬಿಟ್ಟ. ಕಪ್ಪಗೆ, ದೊಡ್ಡ ಕಣ್ಣು. ಕಿವಿಯ ತುದಿ ಒಳಗೆ ಮಡಿಸಿಕೊಂಡಿತ್ತು. ದಿನಾ ಬಿಡಿಸ್ತಿದ್ದೆ, ಮತ್ತೆ ಮಡಿಸ್ಕೊಳ್ತಿತ್ತು."

"ಎಡಗಿವಿನಾ, ಬಲಗಿವಿನಾ?"

"ಬಲಗಿವಿ."

"ನಮ್ಮವರದ್ದೂ ಹಾಗೇ," ಎಂದಳು ತಾಯಿ. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಖ ತೆಗೆಯದೆಯೇ ಹೇಳಿದಳು. "ಇನ್ನು ಹೋಗು. ಮತ್ತೆ ಬರಬೇಡ."

ಅವಳು ಹೊರಗೆ ಬಂದಳು. ಬೀದಿ ದಾಟಿ ಅವನ ಪಕ್ಕ ನಿಂತು, ಅಂಗಡಿಯ ಕಟ್ಟೆಯನ್ನು ಹಿಡಿದುಕೊಂಡಳು.

"ಬೈದ್ರಾ?"

"ಇಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅವನು, ಅವಳು ಅತ್ತು ಮುಗಿಸುವವರೆಗೆ ಬೀದಿಗೆ ಬೆನ್ನು ಮಾಡಿ, ಹೋಗಿ ಬರುವವರಿಗೆ ಅವಳು ಕಾಣದಂತೆ ನಿಂತ.

"ಇನ್ನೂ ಎರಡು ಮನೆ ಇದೆ," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ.

"ಗೊತ್ತು. ಎರಡಕ್ಕೂ ಬರ್ತೀನಿ."

"ಇದು ಎರಡು ಮನೆಗೆ ಮುಗಿಯಲ್ಲ ರೀ. ಸಾಯೋವರೆಗೂ ನನ್ನ ಜೊತೆ ಇರುತ್ತೆ. ಊಟ ಮಾಡುವಾಗ, ನಗುವಾಗ... ಅಂಥೋಳ ಜೊತೆ ಯಾಕೆ ಬರ್ತೀರಿ?"

"ಕೇಳದೆ ಬಿಟ್ಟ ಒಂದು ಪ್ರಶ್ನೆ ನನ್ನ ಜೊತೆಗೂ ಇದೆಯಲ್ಲ," ಎಂದ ಅವನು. "ಬೇರೆಬೇರೆ ಮನೇಲಿ ಕೂತು ಇಬ್ಬರೂ ಹೊತ್ಕೊಳ್ಳೋ ಬದಲು, ಒಂದೇ ಮನೇಲಿ ಹೊರೋಣ. ನೀವಿಲ್ಲದೆ ನನ್ನ ಕೈಲಾಗಲ್ಲ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ."

ಅವಳು ಅವನನ್ನು ನೋಡಿದಳು. ಬಿಸಿಲಿಗೆ ಬೆವೆತ ಮುಖ, ಇವತ್ತೂ ಅರ್ಧಂಬರ್ಧ ಗಡ್ಡ. ಇಷ್ಟು ಕೆಟ್ಟ ದಿನದಲ್ಲೂ ಆ ಮುಖ ನೋಡಿದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು.

"ಎರಡು ಮನೆ ಆದ್ಮೇಲೆ?" ಎಂದಳು.

"ಆದ್ಮೇಲೆ ನಿಮ್ಮ ಮನೆಗೆ. ನಿಮ್ಮಮ್ಮನ ಹತ್ತಿರ ಒಂದು ಮಾತು ಕೇಳೋದಿದೆ."

"ಅಮ್ಮನಿಗೆ..." ಅವಳು ತಲೆ ಅಲ್ಲಾಡಿಸಿದಳು. "ಎಲ್ಲರಿಗೂ ನಿಜ ಹೇಳ್ದೆ. ಅಮ್ಮನಿಗೆ ಮಾತ್ರ ಹೇಳಲಾರೆ."

"ಹೇಳ್ಬೇಡಿ. ಅದು ನಮ್ಮಿಬ್ಬರಲ್ಲೇ ಇರ್ಲಿ."

"ನೀವು ಒಂದು ನಿಮಿಷ ಹೆಚ್ಚುಕಮ್ಮಿ ಆದ್ರೂ ತಿದ್ದೋರು. ಜೀವಮಾನವೆಲ್ಲ ಬಾಯಿ ಮುಚ್ಕೊಂಡು ಇರ್ತೀರಾ?"

"ಇರ್ತೀನಿ ರೀ," ಎಂದ ಅವನು. "ಬನ್ನಿ, ಬಸ್ಸು ಬಂತು."